ಹಂದಿಯ ಮೊಬೈಲ್ ನಂಬರ್

ರಕ್ತ ಕೇಳಿಕೊಂಡು ಊರೂರು ತಿರುಗುವ ನೌಕರಿ ನನ್ನದು. ಜ್ವರದ ವೈರಸ್ ಯಾವ ದಾರಿಯಲ್ಲಿ ಬಂತೆಂದು ತಿಳಿಯಲು ಮನುಷ್ಯರ ರಕ್ತ, ಹಂದಿಗಳ ರಕ್ತ ತೆಗೆಯುತ್ತೇನೆ, ಸೊಳ್ಳೆ ಹಿಡಿಯುತ್ತೇನೆ. ರಕ್ತ ಹನಿಹನಿಯಾಗಿ ಸಿಗುತ್ತದೆ, ಮಾತು ಕೊಡಗಟ್ಟಲೆ.

ಇಲ್ಲಿರುವುದೆಲ್ಲ ಒಂದೇ ಮಳೆಗಾಲದ್ದು. ಸಿರುಗುಪ್ಪದ ಕಡೆಯ ಒಂದು ಹಳ್ಳಿಯ ಹುಡುಗಿಯೊಬ್ಬಳು ಮೆದುಳು ಜ್ವರ ಬಂದು ಬಳ್ಳಾರಿಯ ಆಸ್ಪತ್ರೆ ಸೇರಿದ್ದಳು. ಅದು ಹಂದಿಯಿಂದಲೇ ಬಂತೆಂದು, ಹಂದಿ ಸಾಕುವ ಒಬ್ಬ ಹೆಂಗಸನ್ನು ಊರು ಬಿಡಿಸಲು, ಸುತ್ತಲಿನ ಭತ್ತದ ಗದ್ದೆಗಳ ಒಡೆಯರಾದ ಅಲ್ಲಿಯ ಗೌಡರು ಹಟ ಹಿಡಿದಿದ್ದರು. ವರದಿ ಬರುವ ತನಕ ತಡೆಯಿರಿ ಎಂದು ಕೇಳಿಕೊಂಡೆ. ಒಲ್ಲದ ಮನಸ್ಸಿನಿಂದ ಒಪ್ಪಿದರು.

೧

ಮೊದಲು ಸೊಳ್ಳೆ. ಸಂಜೆ ಗೌಡರ ದನದ ಕೊಟ್ಟಿಗೆಗೆ ಹೋದೆ. ಗಾಜಿನ ಕೊಳವೆಯನ್ನು ಗೋಡೆಗೆ ಹಿಡಿದು, ಅದರ ರಬ್ಬರ್ ನಳಿಗೆಯನ್ನು ಬಾಯಿಂದ ಎಳೆದರೆ ಸೊಳ್ಳೆ ಒಳಗೆ ಬರುತ್ತದೆ. ಬಾಯಿಗೆ ಹೋಗದಂತೆ ನಡುವೆ ಬಲೆ ಇರುತ್ತದೆ. ಗೌಡರ ತಾಯಿ ಬಹಳ ಹೊತ್ತು ನೋಡಿದರು.

"ಯಪ್ಪಾ, ಪಗಾರ ಸಾಲವಲ್ದೇನು, ಸೊಳ್ಳಿ ತಿನ್ನಾಕತ್ತಿಯಲ್ಲ?"

ತಿನ್ನುವುದಲ್ಲ, ಪರೀಕ್ಷೆಗೆ ಎಂದೆ. ಡಬ್ಬಿ ತುಂಬಿದ ಮೇಲೆ ಸಾಕೆಂದು ಎದ್ದೆ. ಮುದುಕಿ ಬಾಗಿಲಿಗೆ ಅಡ್ಡ ನಿಂತರು.

"ಹಂಗ ಹೊಂಟರ ಹೆಂಗ? ಅರ್ಧ ಕೆಲಸ ಮಾಡಿ ಹೋಗೋರ್ನ ನಾ ಈ ಮನ್ಯಾಗ ಇಟ್ಟುಕೊಂಡಿಲ್ಲ. ಉಳದವನ್ನೂ ಹಿಡಿ, ಆಮ್ಯಾಲ ಚಾ ಕೊಡ್ತೀನಿ."

೨

ಇನ್ನು ಹಂದಿ. ಹಳ್ಳಿಯಲ್ಲಿ ಒಂದೂ ಇರಲಿಲ್ಲ. ನಾವು ಬರುವ ಸುದ್ದಿ ತಿಳಿದು ಆ ಹೆಂಗಸು ಟೆಂಪೋದಲ್ಲಿ ಹೇರಿಕೊಂಡು ಹೋಗಿ ಕುರುಗೋಡಿನ ಅಣ್ಣನ ಮನೆಯಲ್ಲಿ ಬಚ್ಚಿಟ್ಟಿದ್ದಳು. ಹಂದಿ ಹಿಡಿಯುವ ನಮ್ಮ ಸಿಬ್ಬಂದಿಯನ್ನು ಕರೆದುಕೊಂಡು ಅಲ್ಲಿಗೂ ಹೋದೆ. ಹಿತ್ತಲಲ್ಲಿ ಹಂದಿಗಳು, ಕಟ್ಟೆಯ ಮೇಲೆ ಅವಳು.

"ಇವು ಯಾರವು?"

"ನನಗೇನ್ ಗೊತ್ರಿ. ಬಂದಾವ, ನಿಂತಾವ. ನಾನರ ಯಾಕ ಕೇಳ್ಲಿ?"

ಯಾರವೂ ಅಲ್ಲವೆಂದಮೇಲೆ ಅಪ್ಪಣೆಯ ಅಗತ್ಯವಿಲ್ಲ ಎಂದು ನಮ್ಮವರು ದೊಡ್ಡದೊಂದನ್ನು ಹಿಡಿದು ಕೆಡವಿದರು. ಅದು ಕಿರುಚಿತು. ಅವಳು ಕಟ್ಟೆಯಿಂದ ಹಾರಿ ಬಂದು ನಮ್ಮವನ ಕೈ ಬಿಡಿಸಿದಳು.

"ಹಗೂರಕ ಹಿಡೀಲೇ, ಆಕಿ ಬಸುರಿ ಅದಾಳ."

೩

ಬಳ್ಳಾರಿಗೆ ಬಂದು ವಿವರಗಳನ್ನು ಕಂಪ್ಯೂಟರಿಗೆ ಹಾಕಬೇಕು. ಆ ನಮೂನೆ ಮಾಡಿದ್ದು ಮನುಷ್ಯರಿಗೆಂದು. ಹೆಸರಿನ ಜಾಗದಲ್ಲಿ 'ಹಂದಿ, ಹೆಣ್ಣು' ಎಂದರೆ ಸುಮ್ಮನಿತ್ತು. ಮೊಬೈಲ್ ನಂಬರ್ ಇಲ್ಲದೆ ಮಾತ್ರ ಮುಂದೆ ಹೋಗಲೊಲ್ಲದು. ನಮ್ಮ ಕಚೇರಿಯ ಸಾಹೇಬರನ್ನು ಕೇಳಿದೆ.

"ಏನರ ಹಾಕ್ರಿ, ನನ್ನ ತಲಿ ತಿನ್ನಬ್ಯಾಡ್ರಿ" ಎಂದರು.

ಅವರದೇ ನಂಬರ್ ಹಾಕಿದೆ. ನಾಲ್ಕು ದಿನಕ್ಕೆ ಅವರ ಫೋನಿಗೆ ಸಂದೇಶ ಬಂತು: ನಿಮ್ಮ ರಕ್ತದಲ್ಲಿ ಸೋಂಕಿನ ಗುರುತು ಕಂಡಿದೆ, ವಿಶ್ರಾಂತಿ ಪಡೆಯಿರಿ. ನಾನು ವಿಷಯ ಹೇಳಲು ಹೋಗುವಷ್ಟರಲ್ಲಿ ಸಾಹೇಬರು ಒಂದು ವಾರ ರಜೆ ಬರೆದು ಮನೆ ಸೇರಿದ್ದರು.

೪

ಹುಡುಗಿ ಗುಣವಾಗಿ ಊರಿಗೆ ಬಂದಳು. ವರದಿ ಹಿಡಿದು ನಾನೂ ಹೋದೆ. ಕಟ್ಟೆಯ ಮೇಲೆ ಊರು ಕೂಡಿತ್ತು. ಹಂದಿಗಳಲ್ಲಿ ವೈರಸ್ಸಿನ ಗುರುತು ಸಿಕ್ಕಿದೆ ಎಂದೆ.

"ನಾ ಹೇಳಿದ್ದಿಲ್ಲೇನು? ಇವತ್ತ ಆಕಿ ಊರು ಬಿಡ್ಬೇಕು" ಎಂದರು ಗೌಡರು.

ಇನ್ನೂ ಇದೆ, ಕೇಳಿ ಎಂದೆ. ಈ ಸೊಳ್ಳೆ ಹುಟ್ಟುವುದು ಭತ್ತದ ಗದ್ದೆಯ ನಿಂತ ನೀರಿನಲ್ಲಿ. ಹಂದಿಯನ್ನೂ ಬೆಳ್ಳಕ್ಕಿಯನ್ನೂ ಕಚ್ಚಿ, ಆಮೇಲೆ ಮಕ್ಕಳನ್ನು ಕಚ್ಚುತ್ತದೆ. ಮಕ್ಕಳಿಗೆ ಲಸಿಕೆ ಹಾಕಿಸಿ, ಹಂದಿಗಳನ್ನು ಮನೆಗಳಿಂದ ದೂರ ಪರದೆ ಕಟ್ಟಿದ ದೊಡ್ಡಿಯಲ್ಲಿಡಿ. ಯಾರನ್ನೂ ಓಡಿಸಬೇಕಾಗಿಲ್ಲ.

ಆ ಹೆಂಗಸು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಆತ್ರಿ, ಊರು ಬಿಡ್ತೀನಿ. ನಾ ಹಂದಿ ಹೊಡಕೊಂಡು ಮುಂದ ನಡೀತೀನಿ. ಗೌಡ್ರು ಗದ್ದಿ ಸುತ್ತಿ ಹೆಗಲ ಮ್ಯಾಲ ಇಟ್ಕೊಂಡು ಹಿಂದ ಬರ್ಲಿ. ಬೆಳ್ಳಕ್ಕಿಗೆ ಹೇಳೂದು ಬ್ಯಾಡ, ಅವು ತಾವ ಬರ್ತಾವ."

ಮೊದಲು ನಕ್ಕವಳು ಜ್ವರ ಬಂದ ಹುಡುಗಿಯ ತಾಯಿ. ಆಮೇಲೆ ಊರೇ ನಕ್ಕಿತು. ಗೌಡರು ಮೀಸೆ ಒರೆಸಿಕೊಂಡು, "ಆತು, ಇಲ್ಲೇ ಇರವಾ. ಊರ ಹೊರಗ ದೊಡ್ಡಿಗೆ ಜಾಗ ನಾನ ಕೊಡ್ತೀನಿ. ಪರದಿ ಮಾತ್ರ ನೀನ ತಂದ್ಕೋ" ಎಂದರು.

"ನಾ ಯಾಕ ತರ್ಲಿ? ಸೊಳ್ಳಿ ಯಾರವೋ ಅವರ ತರ್ಲಿ."