ಐದು ದೇಶ, ಒಂದೇ ಜಾಡಿ

ಮನಸ್ಸು ಮಾಡಿದರೆ ಮನುಷ್ಯ ಆರು ದಿನದಲ್ಲಿ ಏನನ್ನು ಬೇಕಾದರೂ ಕಲಿಯಬಲ್ಲ. ನಾನು ವೈನ್ ಕಲಿಯುತ್ತೇನೆ, ಕಲಿತು ಮೂರನೇ ಮಹಡಿ ಏರಿಯೇ ತೀರುತ್ತೇನೆ! ಹೀಗೆಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ, ನಮ್ಮ ಆಫೀಸಿನ ನೆಲಮಾಳಿಗೆಯಲ್ಲಿ, ಹಳೆಯ ಫೈಲುಗಳ ರಾಶಿಯ ನಡುವೆ ನಿಂತು. ಕೇಳಿಸಿಕೊಂಡದ್ದು ಒಂದು ಜಿರಳೆ ಮಾತ್ರ. ಅದೂ ಪೂರ್ತಿ ಕೇಳದೆ ಹೊರಟುಹೋಯಿತು.

ನಮ್ಮದು ಬೀಗ ತಯಾರಿಸುವ ಕಂಪನಿ. ಹನ್ನೊಂದು ವರ್ಷದಿಂದ ನಾನು ಅದರ ದಾಖಲೆ ವಿಭಾಗದ ಏಕೈಕ ಗುಮಾಸ್ತ. ನೆಲಮಾಳಿಗೆಗೆ ಕಿಟಕಿಯಿಲ್ಲ. ಹೊರಗೆ ಬಿಸಿಲೋ ಮಳೆಯೋ ಎಂದು ನನಗೆ ತಿಳಿಯುವುದು ಫೈಲು ಕೇಳಲು ಬಂದವರ ಚಪ್ಪಲಿ ನೋಡಿ! ಹೀಗಿರುವಾಗ ಮೂರನೇ ಮಹಡಿಯಲ್ಲಿ ಅತಿಥಿ ಸತ್ಕಾರ ಅಧಿಕಾರಿಯ ಹುದ್ದೆ ಖಾಲಿಯಾಯಿತು. ಹೊರದೇಶದಿಂದ ಬೀಗ ಕೊಳ್ಳಲು ಬರುವವರ ಜೊತೆ ಊಟಕ್ಕೆ ಕೂರುವುದು, ಯಾವ ಊಟಕ್ಕೆ ಯಾವ ವೈನ್ ಎಂದು ಆರಿಸುವುದು, ಆಗಾಗ ನಗುವುದು. ಇಷ್ಟೇ ಕೆಲಸ. ಸಂಬಳ ಬೇರೆ ಕೊಡುತ್ತಾರೆ!

ಅವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಮ್ಯಾನೇಜರ್ ಮೇಡಂ ಸಿಕ್ಕಾಗ ನನ್ನ ನಾಲಿಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ.

“ಮೇಡಂ, ವೈನ್ ವಿಷಯ ನನಗೆ ಬಿಟ್ಬಿಡಿ. ಅದರಲ್ಲಿ ನಂದು ಪಳಗಿದ ಕೈ.”

“ಹೌದಾ? ನೀವು ದಾಖಲೆ ವಿಭಾಗದವರಲ್ವಾ?”

“ಅದು ಹೊಟ್ಟೆಪಾಡಿಗೆ ಮೇಡಂ!”

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಳ್ಳೇದಾಯ್ತು. ದುಬಾರಿ ವೈನ್ ಯಾರು ಬೇಕಾದ್ರೂ ಆರಿಸ್ತಾರೆ. ನೀವು ಕೈಗೆಟುಕೋ ಬೆಲೇಲಿ ಐದು ದೇಶದ್ದು ಆರಿಸಿ. ಒಂದೊಂದಕ್ಕೂ ಹೊಂದೋ ಅಂಥ ತಿನಿಸು ಮಾಡಿ. ಭಾನುವಾರ ಮಧ್ಯಾಹ್ನ ನಿಮ್ಮನೆಗೇ ಬರ್ತೀನಿ. ಚೆನ್ನಾಗಿದ್ರೆ ಮೂರನೇ ಮಹಡಿ ನಿಮ್ದೇ.”

ನಾನು ಅಲ್ಲಿಯವರೆಗೆ ಕುಡಿದಿದ್ದ ವೈನ್ ಒಟ್ಟು ಎರಡು ಗುಟುಕು. ಒಂದು ಯಾರದೋ ಮದುವೆಯಲ್ಲಿ. ಇನ್ನೊಂದು ಅದೇ ಮದುವೆಯಲ್ಲಿ, ಮೊದಲನೆಯದು ಏನೆಂದು ಖಚಿತಪಡಿಸಿಕೊಳ್ಳಲು.

ನನ್ನ ಹೆಂಡತಿ ಶಿಶುವಿಹಾರದ ಟೀಚರ್. ನಾಲ್ಕು ವರ್ಷದ ಮಕ್ಕಳೊಂದಿಗೆ ಹೇಗೆ ಮಾತಾಡುತ್ತಾಳೋ ನನ್ನೊಂದಿಗೂ ಹಾಗೆಯೇ. ವಿಷಯ ಕೇಳಿ, “ಸುಳ್ಳು ಹೇಳೋದು ತಪ್ಪು ಅಲ್ವಾ? ಯಾರು ಹೇಳಿಕೊಟ್ರು ನಿಮಗೆ?” ಎಂದಳು.

“ಸುಳ್ಳಲ್ಲ ಕಣೇ. ಮುಂಗಡವಾಗಿ ಹೇಳಿದ ಸತ್ಯ. ಭಾನುವಾರದೊಳಗೆ ನಿಜ ಆಗುತ್ತೆ.”

ಮೂರನೇ ಮಹಡಿಗೆಂದು ದರ್ಜಿಗೆ ಕೋಟಿನ ಅಳತೆ ಕೊಟ್ಟುಬಂದೆ. ಲೈಬ್ರರಿಯಿಂದ ದಪ್ಪ ಪುಸ್ತಕ ತಂದೆ. ಅಂಗಡಿಯ ಅತ್ಯಂತ ಕೆಳಗಿನ ಕಪಾಟಿನ ಮುಂದೆ ಮಂಡಿಯೂರಿ ಕುಳಿತು ಐದು ಬಾಟಲಿ ಆರಿಸಿದೆ. ಚಿಲಿ, ಸ್ಪೇನ್, ಇಟಲಿ, ಪೋರ್ಚುಗಲ್, ಆಸ್ಟ್ರೇಲಿಯಾ. ಐದೂ ಕೆಂಪು, ಯಾಕೆಂದರೆ ಪುಸ್ತಕದಲ್ಲಿ ಬಿಳಿ ವೈನಿನ ಅಧ್ಯಾಯಕ್ಕೆ ನಾನಿನ್ನೂ ಬಂದಿರಲಿಲ್ಲ. ಆಮೇಲೆ ಒಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಚಿಲಿಗೆ ಹುರಿದ ಅಣಬೆ, ಸ್ಪೇನಿಗೆ ಆಲೂಗಡ್ಡೆ ಆಮ್ಲೆಟ್, ಇಟಲಿಗೆ ಟೊಮೆಟೊ ಹಚ್ಚಿದ ಬ್ರೆಡ್, ಪೋರ್ಚುಗಲ್ಲಿಗೆ ಕರಿದ ಮೀನು, ಆಸ್ಟ್ರೇಲಿಯಾಕ್ಕೆ ಚೀಸ್. ಐದು ಸಂಬಂಧ ಕುದುರಿಸಿದ ದಲ್ಲಾಳಿಯ ಹೆಮ್ಮೆ ನನ್ನ ಮುಖದಲ್ಲಿ!

ಶನಿವಾರ ಮಧ್ಯಾಹ್ನ ತಾಲೀಮು. ಐದೂ ಬಾಟಲಿ ತೆರೆದೆ. ಗ್ಲಾಸು ತಿರುಗಿಸು, ಮೂಗು ತೂರಿಸು, ಬಾಯಲ್ಲಿ ಮುಕ್ಕಳಿಸು, ಬಕೆಟ್ಟಿಗೆ ಉಗುಳು. ಪುಸ್ತಕದಲ್ಲಿ ಹಾಗೇ ಇತ್ತು.

“ನಮ್ಮ ಕ್ಲಾಸಲ್ಲಿ ಹೀಗೆ ಉಗುಳಿದವರನ್ನ ಮೂಲೇಲಿ ನಿಲ್ಲಿಸ್ತೀವಿ,” ಎಂದಳು ಹೆಂಡತಿ.

“ಸುಮ್ನಿರೇ! ಇದರಲ್ಲಿ ಒದ್ದೆ ಮಣ್ಣಿನ ವಾಸನೆ, ಹಳೇ ಚರ್ಮದ ಛಾಯೆ, ಕೊನೇಲಿ ಪೆನ್ಸಿಲ್ ಸಿಪ್ಪೆ ರುಚಿ ಬರಬೇಕಂತೆ.”

“ಪೆನ್ಸಿಲ್ ಸಿಪ್ಪೆ ರುಚಿ ಬೇಕಾದ್ರೆ ನಮ್ಮ ಸ್ಕೂಲಿಗೆ ಬನ್ನಿ. ಮಕ್ಕಳು ಅದನ್ನ ಪುಕ್ಕಟೆ ತಿಂತಾವೆ.”

ಇದನ್ನೆಲ್ಲ ಸೋಫಾದ ತುದಿಯಲ್ಲಿ ಕುಳಿತು ಗಂಭೀರವಾಗಿ ನೋಡುತ್ತಿದ್ದವರು ನನ್ನ ಮಾವ. ಮಗಳ ಮನೆಯಲ್ಲಿ ಹತ್ತು ದಿನ ಇದ್ದು ಹೋಗಲು ಹಿಂದಿನ ದಿನವಷ್ಟೇ ಬಂದಿದ್ದರು. ನಲವತ್ತು ವರ್ಷ ಒಂದು ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಡಾಕ್ಟರು ಚೀಟಿ ಬರೆದರೆ ಅದರಂತೆ ಔಷಧಿ ಬೆರೆಸಿ ಬಾಟಲಿಗೆ ತುಂಬಿ ಕೊಡುತ್ತಿದ್ದವರು.

“ಅಳಿಯಂದ್ರೆ, ಇದು ಊಟಕ್ಕೆ ಮುಂಚೇನಾ, ಆಮೇಲಾ?”

“ಊಟದ ಜೊತೆಗೇ, ಮಾವ.”

“ದಿನಕ್ಕೆ ಎಷ್ಟು ಹೊತ್ತು?”

ನಾನು ಕೇಳಿಸದವನಂತೆ ಮುಂದಿನ ಗ್ಲಾಸಿಗೆ ಮೂಗು ತೂರಿಸಿದೆ. ಆ ಅಹಂಕಾರಕ್ಕೆ ಶಿಕ್ಷೆ ಮರುದಿನವೇ ಸಿಕ್ಕಿತು.

ಭಾನುವಾರ ಬೆಳಿಗ್ಗೆ ನಾನು ಚೀಸ್, ಬ್ರೆಡ್ ತರಲು ಹೋದೆ. ಹನ್ನೊಂದಕ್ಕೆ ವಾಪಸು ಬಂದು ಅಡುಗೆಮನೆಗೆ ಕಾಲಿಟ್ಟರೆ ಐದು ಬಾಟಲಿಗಳೂ ಸಿಂಕಿನ ಪಕ್ಕ ತಲೆಕೆಳಗಾಗಿ ನಿಂತಿವೆ! ಖಾಲಿ! ತೊಳೆದು ಫಳಫಳ! ಮೈಮೇಲೆ ಒಂದು ಚೂರೂ ಕಾಗದವಿಲ್ಲ! ಮೇಜಿನ ನಡುವೆ ಒಂದು ದೊಡ್ಡ ಗಾಜಿನ ಜಾಡಿ. ಅದರ ತುಂಬ ಕಡುಗೆಂಪು ದ್ರವ. ಜಾಡಿಯ ಪಕ್ಕೆಗೆ, ಒಂದು ಹೊತ್ತಿಗೆ ಎಷ್ಟೆಂದು ತೋರಿಸಲು ಕತ್ತರಿಸಿ ಅಂಟಿಸಿದ ಅಳತೆಯ ಕಾಗದಪಟ್ಟಿ, ಎದೆಯ ಮೇಲೆ ಮಾವನ ಮುತ್ತಿನಂಥ ಅಕ್ಷರ: “ಮಿಶ್ರಣ. ಸೇವಿಸುವ ಮುನ್ನ ಚೆನ್ನಾಗಿ ಅಲುಗಾಡಿಸಿ.”

ಚೀಸ್, ಬ್ರೆಡ್ಡಿನ ಚೀಲವನ್ನು ಅಲ್ಲೇ ನೆಲಕ್ಕೆ ಹಾಕಿದೆ.

“ಮಾವ! ಏನು ಮಾಡಿದ್ರಿ ಇದು?”

ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಉಪಕಾರ ಮಾಡಿದವರ ಕಳೆ. “ಅರ್ಧಂಬರ್ಧ ಬಾಟ್ಲಿ ಇಡಬಾರದು ಅಳಿಯಂದ್ರೆ, ಒಳಗೆ ಗಾಳಿ ನಿಂತು ಕೆಟ್ಟುಹೋಗುತ್ತೆ. ನಮ್ಮ ಡಿಸ್ಪೆನ್ಸರೀಲಿ ಒಂದೇ ಬಣ್ಣದ್ದು, ಒಂದೇ ಕಾಯಿಲೆದು ಅಂದ್ರೆ ಒಂದೇ ಜಾಡಿಗೆ. ಅಂಗೈ ಮೇಲೆ ಒಂದು ಹನಿ ಹಾಕ್ಕೊಂಡು ನೆಕ್ಕಿ ನೋಡ್ದೆ, ಸ್ವಲ್ಪ ಒಗರು. ಕಿತ್ತಳೆ ಸಿಪ್ಪೆ, ಎರಡು ಲವಂಗ, ಒಂಚೂರು ಜೇನು ಹಾಕಿದೀನಿ. ಈಗ ಯಾರೂ ಮೂಗು ಮುಚ್ಕೊಂಡು ಕುಡೀಬೇಕಾಗಿಲ್ಲ!”

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಮೀನು ಕರಿಯುತ್ತಿದ್ದಳು.

“ನೀನು ಇಲ್ಲೇ ಇದ್ದೆಯಲ್ಲ! ನೋಡ್ಲಿಲ್ವಾ?”

“ನೋಡ್ದೆ. ನೀವೇ ಹೇಳಿರ್ತೀರಿ ಅಂದ್ಕೊಂಡೆ. ನಿನ್ನೆ ಬಕೆಟ್ಟಿಗೆ ಉಗುಳಿದೋರು ಇವತ್ತು ಜಾಡಿಗೆ ಸುರಿಸಿದ್ರೆ ನನಗೇನು ಆಶ್ಚರ್ಯ?”

ಪಿತ್ತ ನೆತ್ತಿಗೇರಿತು. ಆದರೆ ಮಾವನ ಮೇಲೆ ಕೂಗಾಡುವ ಹಾಗಿಲ್ಲ, ಹೆಂಡತಿಯ ಮೇಲೆ ಕೂಗಾಡಿ ಗೆದ್ದ ಇತಿಹಾಸವಿಲ್ಲ. ವೈನ್ ಅಂಗಡಿ ಭಾನುವಾರ ತೆರೆಯುವುದು ಸಂಜೆಗೆ. ಮೇಡಂ ಬರುವುದು ಒಂದು ಗಂಟೆಗೆ. ಹನ್ನೊಂದು ವರ್ಷದ ನೆಲಮಾಳಿಗೆ ನನ್ನ ಕಣ್ಣಮುಂದೆ ಇಪ್ಪತ್ತೆರಡು ವರ್ಷವಾಗಿ ಬೆಳೆಯಿತು.

ಮೊದಲು ಲೇಬಲ್ಲುಗಳನ್ನಾದರೂ ಉಳಿಸೋಣವೆಂದು, ಮಾವ ಅವನ್ನು ನೆನೆಸಿ ಸುಲಿದು ಹಾಕಿದ್ದ ಬಕೆಟ್ಟಿಗೆ ಕೈ ಹಾಕಿದೆ. ಇಟಲಿ ಹಿಡಿದ ಕೂಡಲೇ ಎರಡಾಯಿತು. ಸ್ಪೇನಿನ ಮೇಲೆ ಪೋರ್ಚುಗಲ್ ಅಂಟಿ ಕೂತು, ಯಾರು ಎಷ್ಟು ಕರೆದರೂ ಎದ್ದು ಬರಲಿಲ್ಲ. ಚಿಲಿಯನ್ನು ಒಣಗಿಸಲು ಇಸ್ತ್ರಿ ಹಾಕಿದೆ, ಅದು ಇಸ್ತ್ರಿಪೆಟ್ಟಿಗೆಯ ಹೊಟ್ಟೆಗೆ ಅಂಟಿಕೊಂಡು ಹೊಗೆಯಾಡಿತು. ಆಸ್ಟ್ರೇಲಿಯಾ ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡು ನೀರು ಕಟ್ಟಿತು. ಅದನ್ನು ಕಡ್ಡಿಯಿಂದ ತಿವಿಯಲು ಹೋದಾಗ ನನ್ನ ಒಗೆದ ಅಂಗಿಯ ಎದೆಯ ಮೇಲೆ ಸಿಂಕಿನೊಳಗಿನದೆಲ್ಲ ಸಿಡಿಯಿತು!

“ಅಳಬೇಡಿ, ಅಳಬೇಡಿ,” ಎಂದಳು ಹೆಂಡತಿ, ತನ್ನ ವೃತ್ತಿಯ ದನಿಯಲ್ಲಿ. “ದೊಡ್ಡ ದೊಡ್ಡೋರು ಬಾಟ್ಲಿಗೆ ಮುಸುಕು ಹಾಕಿ, ಹೆಸರು ನೋಡದೇ ರುಚಿ ನೋಡ್ತಾರೆ ಅಂತ ನೀವೇ ಓದಿ ಹೇಳಿದ್ರಲ್ಲ? ಜಾಡೀಲಿರೋದನ್ನ ಐದಕ್ಕೂ ತುಂಬಿ. ಮೇಲೆ ಕಾಲುಚೀಲ ಹಾಕಿ.”

ಇಷ್ಟು ವರ್ಷದ ದಾಂಪತ್ಯದಲ್ಲಿ ನಾನು ಅವಳ ಕಾಲಿಗೆ ಬೀಳಬೇಕೆನಿಸಿದ್ದು ಅದೇ ಮೊದಲು. ನಾಲ್ಕು ಬಾಟಲಿಗೆ ನನ್ನ ಒಗೆದ ಕಾಲುಚೀಲ ಸಿಕ್ಕಿತು. ಐದನೆಯದಕ್ಕೆ ಎಷ್ಟು ಹುಡುಕಿದರೂ ಇಲ್ಲ. ಕೊನೆಗೆ ಅವಳು ಶಾಲೆಯ ಗೊಂಬೆಯಾಟಕ್ಕೆ ಕಾಲುಚೀಲದಿಂದ ಮಾಡಿದ್ದ ಮೊಲವನ್ನೇ ತೊಡಿಸಿದೆವು. ಹೀಗೆ ಆಸ್ಟ್ರೇಲಿಯಾ ಎರಡು ಗುಂಡಿಯ ಕಣ್ಣು, ಎರಡು ಉದ್ದ ಕಿವಿ ಹೊತ್ತು ಮೇಜಿನ ಮೇಲೆ ವಿರಾಜಮಾನವಾಯಿತು. ಮಾವನಿಗೆ ಜಾಡಿಯ ತಳದಲ್ಲಿ ಉಳಿದದ್ದನ್ನು ಕೊಟ್ಟು, “ನೀವು ಒಳಗೆ ಹಾಯಾಗಿ ಪೇಪರ್ ಓದಿ,” ಎಂದು ರೂಮಿಗೆ ಕಳಿಸಿದೆ.

ಸರಿಯಾಗಿ ಒಂದು ಗಂಟೆಗೆ ಮೇಡಂ ಬಂದರು. ಮೊಲವನ್ನು ನೋಡಿದರು. ಅದರ ಎದುರಿನ ಕುರ್ಚಿಯಲ್ಲೇ ಕೂತರು.

ನಾನು ಶುರುಮಾಡಿದೆ ನೋಡಿ! ಮೊದಲ ಗ್ಲಾಸು, ಹುರಿದ ಅಣಬೆ. “ಇದು ಚಿಲಿ ಮೇಡಂ. ಬೆಟ್ಟದ ತಪ್ಪಲಿನ ತಂಗಾಳಿ ಇದರಲ್ಲಿ ಬೀಸ್ತಾ ಇದೆ.” ಮೇಡಂ ಒಂದು ಗುಟುಕು ಕುಡಿದು ತಲೆಯಾಡಿಸಿದರು. ಎರಡನೆಯದು, ಆಮ್ಲೆಟ್. “ಸ್ಪೇನ್! ಬಿಸಿಲು ಹೆಚ್ಚು, ಮಾತೂ ಸ್ವಲ್ಪ ಜೋರು.” ಮೇಡಂ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನನಗೆ ಧೈರ್ಯ ಬಂತು. ಮೂರನೆಯದಕ್ಕೆ ಹಳೇ ಚರ್ಮದ ಛಾಯೆ ತಂದೆ, ನಾಲ್ಕನೆಯದಕ್ಕೆ ಸಮುದ್ರದ ಉಪ್ಪುಗಾಳಿ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ಆ ನಾಲ್ಕೂ ಬೇರೆ ಬೇರೆ ರುಚಿಯಾಗಿ ಹತ್ತತೊಡಗಿದವು! ಮೂರನೇ ಮಹಡಿಯ ಕುರ್ಚಿಯಲ್ಲಿ ನಾನಾಗಲೇ ಅರ್ಧ ಕೂತಿದ್ದೆ.

ಮೊಲದ ಕುತ್ತಿಗೆ ಹಿಡಿದು ಐದನೆಯದನ್ನು ಬಗ್ಗಿಸುತ್ತಿದ್ದೇನೆ, ರೂಮಿನ ಬಾಗಿಲು ತೆರೆಯಿತು.

“ಅಯ್ಯೋ, ಅಳಿಯಂದ್ರೆ! ಅಲುಗಾಡಿಸ್ದೇ ಕೊಡ್ತಿದ್ದೀರಲ್ಲ!” ಮಾವ ಓಡಿಬಂದು ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡರು. “ಜೇನೆಲ್ಲ ಅಡೀಲಿ ಕೂತಿರುತ್ತೆ. ಐದು ಬಾಟ್ಲಿಯ ಸತ್ವ ಹಾಗೇ ವ್ಯರ್ಥ ಆಯ್ತು! ನಾನು ಅಷ್ಟು ಕಷ್ಟಪಟ್ಟು ಎಲ್ಲಾ ಒಂದೇ ಜಾಡೀಲಿ ಬೆರೆಸಿದ್ದು ಯಾತಕ್ಕೆ?” ಎನ್ನುತ್ತ ಮೊಲವನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಅಲುಗಾಡಿಸಿದರು. ಕಿವಿಗಳು ಪಟಪಟ ಬಡಿದವು.

ಭೂಮಿ ಬಾಯಿ ತೆರೆದರೆ ಒಳಗೆ ಹೋಗೋಣವೆಂದರೆ ನಮ್ಮದು ಮೊದಲನೇ ಮಹಡಿ. ಕೆಳಗಿನ ಮನೆಯವರ ಊಟದ ಮೇಜಿನ ಮೇಲೆ ಬೀಳಬೇಕಾಗುತ್ತಿತ್ತು.

“ಮೇಡಂ, ಅದೂ... ಹೊಟ್ಟೆಗೆ ಹಾಕ್ಕೋಬೇಕು...”

“ನಾಲ್ಕು ಗ್ಲಾಸ್ ಹಾಕ್ಕೊಂಡಾಯ್ತಲ್ಲ,” ಎಂದರು ಮೇಡಂ. “ಎರಡನೇ ಗ್ಲಾಸಿಗೇ ಗೊತ್ತಾಯ್ತು. ಇವರು ಎಷ್ಟು ದೇಶ ಸುತ್ತಿಸ್ತಾರೋ ನೋಡೋಣ ಅಂತ ಸುಮ್ನಿದ್ದೆ.” ಆಮೇಲೆ ಮಾವನ ಕಡೆ ಗ್ಲಾಸು ಚಾಚಿದರು. “ಆದ್ರೆ ಇದು ತುಂಬಾ ಚೆನ್ನಾಗಿದೆ. ಕೊಡಿ, ಅಲುಗಾಡಿಸಿದ್ದನ್ನೂ ನೋಡ್ತೀನಿ. ಇದು ಯಾವ ತಿನಿಸಿಗೆ ಹೊಂದುತ್ತೆ?”

“ತಿನಿಸು ನೋಡೋದಲ್ಲಮ್ಮ, ತಿನ್ನೋರನ್ನ ನೋಡೋದು,” ಎಂದರು ಮಾವ. “ನಿಮಗೆ ಮಧ್ಯಾಹ್ನ ಎದೆ ಉರಿ ಬರುತ್ತೆ. ನಾನು ಬಂದ ಮೇಲೇ ಎರಡು ಸಲ ಎದೆ ಸವರ್ಕೊಂಡ್ರಿ. ಇನ್ನು ಟೊಮೆಟೊ ಮುಟ್ಟಬೇಡಿ. ಚೀಸ್ ತಿಂದು, ಇದು ಅರ್ಧ ಗ್ಲಾಸ್ ಸಾಕು. ಚೆನ್ನಾಗಿಲ್ಲ ಅಂದ್ರೆ ಮುಲಾಜಿಲ್ಲದೆ ಹೇಳಿ, ಬದಲಾಯಿಸಿ ಕೊಡ್ತೀನಿ.”

ಮೇಡಂ ಗ್ಲಾಸು ಕೆಳಗಿಟ್ಟರು. ನನ್ನ ಉಪನ್ಯಾಸವನ್ನು ಅಷ್ಟು ಹೊತ್ತು ಕೇಳಿದ ಮುಖವೇ ಅಲ್ಲ ಅದು! ಅವರಿಬ್ಬರೂ ಮುಂದೆ ಒಂದೂವರೆ ಗಂಟೆ ಮಾತಾಡಿದರು. ಒಣಕೆಮ್ಮು, ಅಜೀರ್ಣ, ಹೊರದೇಶದವರು ಹಸಿವಿದ್ದರೂ ಹೇಳಲು ನಾಚುವುದು, ಹೀಗೆ ಏನೇನೋ. ನಾನು ಮೀನಿನ ಮುಳ್ಳು ಆರಿಸುತ್ತ ಕೂತಿದ್ದೆ. ನಾಚಿಕೆಯಾಗಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಆ ಉರಿಯನ್ನು ಮಾತ್ರ ಮಾವ ಗಮನಿಸಲಿಲ್ಲ.

ಹೊರಡುವಾಗ ಮೇಡಂ ಬಾಗಿಲಲ್ಲಿ ನಿಂತು, “ವಾರಕ್ಕೆ ಮೂರು ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಬಂದ್ರೆ ಸಾಕು. ಕಾರು ಕಳಿಸ್ತೀನಿ. ನಾಳೆಯಿಂದಲೇ ಶುರುಮಾಡಿ,” ಎಂದರು. ಹೇಳಿದ್ದು ಮಾವನಿಗೆ.

“ಮೇಡಂ, ನಾನು?” ಎಂದೆ.

“ನೀವು ನೆಲಮಾಳಿಗೇಲೇ ಇರಿ. ಫೈಲುಗಳಿಗೆ ಏನು ಹೇಳಿದ್ರೂ ನಂಬ್ತಾವೆ.”

ಹತ್ತು ದಿನಕ್ಕೆಂದು ಬಂದಿದ್ದ ಮಾವ ಆ ಸಂಜೆಯೇ ಸೂಟ್‌ಕೇಸಿನ ಬಟ್ಟೆಗಳನ್ನು ನನ್ನ ಬೀರುವಿನಲ್ಲಿ ಜೋಡಿಸಿಕೊಂಡರು. ನನ್ನ ಬಟ್ಟೆಗಳು ಕುರ್ಚಿಯ ಮೇಲೆ ಬಂದವು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುತ್ತಿದ್ದೆ. ಹೆಂಡತಿ ರೂಮಿನಿಂದ ಕೂಗಿದಳು.

“ರೀ, ಮೂರನೇ ಮಹಡಿಗೆ ಅಂತ ಕೋಟು ಹೊಲಿಸಿದ್ರಲ್ಲ, ಅಪ್ಪ ಒಂದ್ಸಲ ಹಾಕ್ಕೊಂಡು ನೋಡ್ಲಾ?”

“ನೋಡ್ಲಿ, ನೋಡ್ಲಿ!” ಎಂದೆ. ಒಳಗೊಳಗೇ ಖುಷಿ. ದರ್ಜಿ ನನ್ನ ಮೈಯಲ್ಲಿ ಹದಿನೇಳು ಕಡೆ ಟೇಪು ಹಿಡಿದು ಅಳೆದು ಹೊಲಿದ ಕೋಟು ಅದು. ಮಾವನ ಮೈಗೆ ಜೋಲು ಬೀಳುತ್ತದೆ, ತೋಳು ಬೆರಳು ನುಂಗುತ್ತದೆ, ಈ ಮನೆಯಲ್ಲಿ ಒಂದಾದರೂ ನನ್ನದೆಂಬುದು ಉಳಿಯುತ್ತದೆ!

ಮಾವ ಹೊರಗೆ ಬಂದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಗುಂಡಿ ಹಾಕಿದರು.

“ಅಳಿಯಂದ್ರೆ, ನನಗೇ ಅಳತೆ ತೆಗೆದು ಹೊಲಿಸಿದ ಹಾಗಿದೆ! ನಿಮಗೆ ಹೇಗೆ ಗೊತ್ತಾಯ್ತು?”