ಮಡಿ ಬ್ಯಾಟರಿ

ಶಿವಶರಣನಿಗೆ ಒಂದು ದುರಭ್ಯಾಸವಿತ್ತು. ಯಾವ ಸಾಮಾನು ಕೊಂಡರೂ ಅದರ ಮೇಲೆ ಅಚ್ಚಾದದ್ದನ್ನೆಲ್ಲ ಓದುತ್ತಿದ್ದ. ಶಾಂಪೂ ಪೊಟ್ಟಣದ ಬೆನ್ನನ್ನೂ ಕನ್ನಡಕ ಹಾಕಿಕೊಂಡು ಓದಿ, ಅದು ಹೇಳಿದಂತೆಯೇ ಎರಡು ಸಲ ತಲೆ ತೊಳೆಯುವ ಪ್ರಾಣಿ. ಹೊಸ ಬ್ಯಾಟರಿಯ ಡಬ್ಬಿಯ ಮೇಲೆ ‘ಚಾರ್ಜ್ ಆಗುವಾಗ ಬಿಟ್ಟು ಕದಲಬಾರದು’ ಎಂದು ಬರೆದಿತ್ತು. ಉಳಿದ ಗಂಡಸರ ಹಾಗೆ ಅವನೂ ಅದನ್ನು ಓದದೆ ಡಬ್ಬಿ ಬಿಸಾಕಿದ್ದರೆ, ಆ ಭಾನುವಾರ ಕೀಲ್ಪಾಕಿನ ಆ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಊಟ ಮಾಡಿ ನಿದ್ದೆ ಹೊಡೆಯುತ್ತಿದ್ದರು.

ಬ್ಯಾಟರಿ ಕಾರಿನದು. ಕೂತು ಹೋಗುವ ಕಾರಲ್ಲ, ನಿಂತು ಓಡಿಸುವ ಕಾರು. ಕೈಯಲ್ಲಿ ರಿಮೋಟು, ನೆಲದ ಮೇಲೆ ಮೊಣಕೈಯುದ್ದದ ಗಾಡಿ. ನುಂಗಂಬಾಕ್ಕಂ ಆಫೀಸಿನಲ್ಲಿ ವಾರವಿಡೀ ಪರರ ತೆರಿಗೆಯಲ್ಲಿ ಮುಳುಗಿರುತ್ತಿದ್ದ ಶಿವಶರಣ ಭಾನುವಾರ ಈ ಗಾಡಿ ಹಿಡಿದೇ ಉಸಿರಾಡುತ್ತಿದ್ದ. ಕಾರಿಗಿಂತ ಕಾರುಬಾರೇ ಜಾಸ್ತಿ ಎಂದು ಹೆಂಡತಿ ಭವಾನಿ ಗೊಣಗುತ್ತಿದ್ದಳು. ಕೊಟ್ಟೂರಿನ ಕಡೆಯವನಾದ ಅವನು ಭಕ್ತಿಯಿಂದ ಗಾಡಿಗೆ ‘ನಂದಿ’ ಎಂದು ಹೆಸರಿಟ್ಟಿದ್ದ. ಹೆಸರಿಟ್ಟ ಗಳಿಗೆ ಸರಿಯಿರಲಿಲ್ಲ. ಪ್ರತಿ ಪಂದ್ಯದ ಕೊನೆಯ ಸುತ್ತಿನಲ್ಲಿ ಅದು ನಂದಿಯೇ ಹೋಗುತ್ತಿತ್ತು.

ಪಂದ್ಯ ತಿಂಗಳಿಗೊಮ್ಮೆ, ರಾಯಪುರಂ ಸಮುದ್ರದ ಕಡೆಯ ಒಂದು ಮೈದಾನದಲ್ಲಿ. ಆ ಗುಂಪಿನದೊಂದು ಪದ್ಧತಿ: ತಿಂಗಳ ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ಮುಂದಿನ ತಿಂಗಳ ಭಾನುವಾರದ ಅಭ್ಯಾಸಗಳಲ್ಲೆಲ್ಲ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಟ್ರ್ಯಾಕಿನ ನಟ್ಟನಡುವೆ ನಿಲ್ಲಬೇಕು. ಯಾರ ಕಾರು ಮಗುಚಿದರೂ ಓಡಿಹೋಗಿ, ಬಗ್ಗಿ, ನೆಟ್ಟಗೆ ಮಾಡಿ ಕೊಡಬೇಕು. ಸಂಕ್ರಾಂತಿಯಿಂದೀಚೆಗೆ ಆ ಜಾಕೆಟ್ಟು ಶಿವಶರಣನ ಮೈ ಬಿಟ್ಟು ಇಳಿದಿರಲಿಲ್ಲ. ಅವನ ಬೆನ್ನು ಹಳೇ ಕೊಡೆಯ ಹಿಡಿಯಂತಾಗಿತ್ತು.

ಹೋದ ತಿಂಗಳು ಕಬ್ಬಿನ ಹಾಲಿನ ಗಾಡಿಯ ಮುಂದೆ ಅವನು ಸಿಡಿದಿದ್ದ. “ಇದು ಅನ್ಯಾಯ ಐತ್ರಿ ವೀರೇಶ್. ಸೋತವನಿಗೆ ಸೋಲೇ ಸಾಕಾಗಿರ್ತೈತಿ, ಅದರ ಮ್ಯಾಲೆ ಇದೊಂದು. ಗೆದ್ದವನ್ನ ನಿಲ್ಲಸ್ರಿ. ಗೆದ್ದ ಹುರುಪಿನ್ಯಾಗ ಅವನಿಗೆ ಬೆನ್ನು ನೋಯಂಗಿಲ್ಲ.”

ಅದೇ ಆಫೀಸಿನ, ದಾವಣಗೆರೆ ಕಡೆಯ ವೀರೇಶ್ ಪ್ರತಿ ತಿಂಗಳೂ ಗೆಲ್ಲುವವನು. ಲೋಟದೊಳಗಿನ ನೊರೆ ನೋಡುತ್ತ, “ಆತು ತಗಳ್ರಿ ಸರ, ಮೀಟಿಂಗಿಗಿಡಾಣ” ಎಂದಿದ್ದ. ಎಲ್ಲರೂ ನಕ್ಕಿದ್ದರು.

ಹಾಗಾಗಿ, ಆ ಭಾನುವಾರ ಸಂಜೆಯ ಪಂದ್ಯಕ್ಕೆ ಹೊಸ ಬ್ಯಾಟರಿ. ಹಳೆಯದು ನಿಕ್ಕಲ್ಲಿನದು, ಎಮ್ಮೆಯ ಸ್ವಭಾವ, ಒದ್ದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ಹೊಸದು ಲಿಥಿಯಂ, ಮೂರು ಸೆಲ್ಲಿನದು. ಅಂಗೈಯಗಲದ ಆ ಬೆಳ್ಳಿ ಪೊಟ್ಟಣವನ್ನು ಮೊದಲ ಸಲ ಹಿಡಿದಾಗ ಶಿವಶರಣನಿಗೆ ಯಾರೋ ಮಿಂಚನ್ನು ಮಡಚಿ ಜೇಬಿಗೆ ಹಾಕಿಕೊಟ್ಟಂತಿತ್ತು. ಕೆರಳಿದರೆ ಬೆಂಕಿ, ಒಲಿದರೆ ಗಾಳಿವೇಗ. ಒಳಗಿನ ಮೂರು ಸೆಲ್ಲುಗಳೂ ಸರಿಸಮವಾಗಿ ತುಂಬಬೇಕಂತೆ. ಒಂದೇ ಪಂಕ್ತಿಯಲ್ಲಿ ಕೂತ ಮೂವರು ಅಣ್ಣತಮ್ಮಂದಿರಿದ್ದ ಹಾಗೆ, ಒಬ್ಬನ ಎಲೆಗೆ ಒಂದು ಸೌಟು ಪಾಯಸ ಹೆಚ್ಚು ಬಿದ್ದರೂ ಮನೆಗೆ ಬೆಂಕಿ.

“ಮನ್ಯಾಗ ಬ್ಯಾಡ,” ಎಂದಳು ಭವಾನಿ. ಅವಳು ಕೀಲ್ಪಾಕ್ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡಿನ ನರ್ಸು. ಬೆಂಕಿಯ ವಿಷಯದಲ್ಲಿ ಅವಳೊಂದಿಗೆ ವಾದಿಸಿ ಗೆದ್ದವರಿಲ್ಲ. “ರೀ, ಇದನ್ನ ಹಚ್ಕೊಂಡು ನಮ್ಮ ವಾರ್ಡಿಗೆ ಬಂದ್ರ, ಈ ಪೇಷಂಟ್ ಯಾರಂತ ನನಗ ಗೊತ್ತೇ ಇಲ್ಲ ಅಂತೀನಿ.” ಹೀಗೆಂದು ಅವಳು ಡ್ಯೂಟಿಗೆ ನಡೆದಳು.

ಶಿವಶರಣ ತಾರಸಿಗೆ ನಡೆದ.

ಬಲ್ಲವರು ಹೇಳಿದ ಎಲ್ಲ ಎಚ್ಚರಿಕೆಗಳನ್ನೂ ಅವನು ಪಾಲಿಸಿದ. ಮಣ್ಣಿನ ಮಡಕೆಯಲ್ಲಿ ಮರಳು ಹಾಕಿ ಅದರೊಳಗೆ ಬ್ಯಾಟರಿ ಇಡಬೇಕು. ಮನೆಯಲ್ಲಿದ್ದದ್ದು ಪೊಂಗಲ್ ಮಡಕೆ, ಅರಿಸಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಸುತ್ತ ಮೂರಡಿ ಏನೂ ಇರಬಾರದು. ಸೀಮೆಸುಣ್ಣದಿಂದ ಒಂದು ವೃತ್ತ ಎಳೆದ. ಪಕ್ಕದಲ್ಲಿ ಬಕೆಟ್ಟು ತುಂಬ ಉಪ್ಪುನೀರು. ಲಿಫ್ಟಿನ ಕೋಣೆಯಿಂದ ವೈರೆಳೆದು, ನಿಧಾನವಾದಷ್ಟೂ ಕ್ಷೇಮವೆಂದು ಚಾರ್ಜರನ್ನು ತೀರ ಮೆಲ್ಲನೆಯ ಗತಿಗಿಟ್ಟು, ಚಪ್ಪಲಿ ಬಿಟ್ಟು, ಮಡಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ನೀಲಿ ದೀಪ ಮಿಣುಕಿತು.

ಆಗ ಮೂರನೇ ಮಹಡಿಯ ವೆಂಕಟಲಕ್ಷ್ಮಿ ಮಾಮಿ ಸಂಡಿಗೆ ಹಿಟ್ಟಿನ ಪಾತ್ರೆ, ಮರದ ಸೌಟು, ಹಳೇ ಪಂಚೆ ಹೊತ್ತು ಮೇಲೆ ಬಂದರು. ಮಾಮಿಯವರ ಮನೆತನ ಮದರಾಸಿಗೆ ಬಂದು ಎಷ್ಟೋ ತಲೆಮಾರಾಗಿತ್ತು. ಅವರ ಕನ್ನಡ ತಮಿಳಿನ ಪಕ್ಕ ಕೂತೂ ಕೂತೂ ಅದರ ತಟ್ಟೆಯಲ್ಲೇ ಉಣ್ಣುವುದನ್ನು ಕಲಿತಿತ್ತು.

“ಏನಪ್ಪಾ ಶಿವಶರಣಾ, ಒಳ್ಳೇ ವೆಯಿಲ್, ಬಿಸಿಲು ಬೀಳೋ ಜಾಗ ಇದೊಂದೇ. ಕೊಂಚ ತಳ್ಳಿ ಕೂತ್ಕೋ.”

“ಮಾಮಿ, ಗೆರಿ ದಾಟಬ್ಯಾಡ್ರಿ,” ಎಂದ ಶಿವಶರಣ ಕಣ್ಣು ಕೀಳದೆ. “ಮೂರಡಿ ಒಳಗ ಯಾರೂ ಬರೂಹಂಗಿಲ್ಲ.”

ಮಾಮಿಯ ಕಾಲು ಗೆರೆಯಾಚೆಯೇ ನಿಂತಿತು. ಈ ಮಾತನ್ನು ಅವರು ಜೀವಮಾನವಿಡೀ ಇತರರಿಗೆ ಹೇಳಿದವರೇ ಹೊರತು, ಇತರರ ಬಾಯಿಂದ ಕೇಳಿದವರಲ್ಲ.

“ಯಾಕೆ, ಮೈಲಿಗೆ ಆಗತ್ತಾ?”

“ಕಬ್ಬಿಣ ಗಿಬ್ಬಿಣ ತಾಕಬಾರದ್ರಿ. ನಡುವ ಎದ್ದು ಹೋಗಬಾರದು. ತುಂಬಿತಂದ್ರ ತುಂಬಿದ್ದನ್ನ ಹಂಗೇ ಇಟ್ಕೊಂಡು ಕೂಡಬಾರದು. ಉಬ್ಬಿತು ಕೆಟ್ಟಿತು ಅಂದ್ರ ಕಸಕ್ಕ ಒಗಿಯಂಗಿಲ್ಲ, ಉಪ್ಪುನೀರಾಗೇ ಬಿಡಬೇಕು.”

“ಊಟ?”

“ಇನ್ನೂ ಏನೂ ತಿಂದಿಲ್ರಿ.”

ಮಾಮಿ ಪಾತ್ರೆಯನ್ನು ಮೆತ್ತಗೆ ಕೆಳಗಿಟ್ಟರು. “ಇದು ಯಾವ ದೇವರಪ್ಪಾ?”

“ದೇವರಲ್ರಿ, ಬ್ಯಾಟರಿ. ಆಟದ ಕಾರಿಂದು.”

ಸುಳ್ಳು ಹೇಳಿದ್ದರೆ ಬಚಾವಾಗುತ್ತಿದ್ದನೇನೋ. ನಿಜವೇ ಮಾಮಿಯನ್ನು ಬೆರಗುಗೊಳಿಸಿತು. “ಆಟದ ಸಾಮಾನಿಗೆ ಇಷ್ಟು ಮಡಿ,” ಎಂದರು ಮೆಲುದನಿಯಲ್ಲಿ. “ನಮ್ಮನೆ ಗಂಡಸರು ಸಂಧ್ಯಾವಂದನೆಗೆ ಕೂತ್ರೆ ಮೂರು ಆಚಮನದೊಳಗೆ ಮೂರು ಫೋನ್. ನೀನು ಒಂದು ಡಬ್ಬಾಗೋಸ್ಕರ ಬೆಳಗ್ಗಿಂದ ಪಟ್ಟಿನಿ, ಬರೀ ಹೊಟ್ಟೇಲಿ ಕೂತಿದ್ದೀಯಲ್ಲೋ.” ಸಂಡಿಗೆಯ ಪಂಚೆಯನ್ನು ನೆರಳಿನಲ್ಲೇ ಹಾಸಿ, ಅರ್ಧ ಇಕ್ಕಿ, ಕೆಳಗಿಳಿದು ಹೋದರು.

ಹೋದವರು ಸುಮ್ಮನೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ತಾರಸಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿತ್ತು. ಬಂದವರು ಗೆರೆಯಾಚೆ ನಿಂತು ಮಡಕೆಯನ್ನೂ, ಮಡಕೆಯೊಳಗೆ ಇಳಿದ ತಂತಿಗಳನ್ನೂ, ಕದಲದ ಶಿವಶರಣನನ್ನೂ ಬಾಯಿ ತೆರೆದು ನೋಡಿದರು. ಯಾರೋ ಬಾಳೆಹಣ್ಣಿಟ್ಟರು. ಇನ್ಯಾರೋ ಪ್ರದಕ್ಷಿಣೆ ಹಾಕಬಹುದೇ ಎಂದು ತಮಿಳಿನಲ್ಲಿ ಕೇಳಿದರು. ಬಲದಿಂದ ಎಡಕ್ಕೋ ಎಡದಿಂದ ಬಲಕ್ಕೋ ಎಂಬ ಚರ್ಚೆ ನಡೆಯಿತು.

ಅಷ್ಟರಲ್ಲಿ ಮಾಮಿಯ ಯಜಮಾನರು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಹರಿದಾಸರು ಬಂದರು. ಬಂದರಿನ ನೌಕರಿಯಿಂದ ನಿವೃತ್ತರಾದವರು. ಹಡಗು ಬಿಟ್ಟು ಬಂದರೂ ಅದರ ಕೊಂಬನ್ನು ಗಂಟಲಲ್ಲೇ ತಂದಿದ್ದರು. ಬ್ಯಾಟರಿ ಇನ್ನೂ ಅರ್ಧ ಚಾರ್ಜ್ ತಗೊಂಡಿತ್ತು. ಹರಿದಾಸರು ಪೂರ್ತಿ ತಗೊಂಡರು.

“ಎಲ್ಲರೂ ಹಿಂದೆ. ಡೇಂಜರಸ್ ಕಾರ್ಗೋ ಇದು. ಹಾರ್ಬರ್‌ನಲ್ಲಿ ಇಂಥದ್ದು ಇಳಿದ್ರೆ ಮೊದಲು ಕೆಂಪು ಬಾವುಟ.” ಯಾರದೋ ಒಣಗಿದ ಕೆಂಪು ಟವೆಲ್ಲು ಕಸಬರಿಗೆಯ ತುದಿಗೇರಿತು. ಬಟ್ಟೆ ಹಗ್ಗ ಬಿಚ್ಚಿ ಸಾಲು ಮಾಡಿಸಿದರು. “ಲೈನ್‌ಲ ವಾಂಗ, ಲೈನ್‌ಲ ವಾಂಗ. ನೋಡಿದವರು ನಿಲ್ಲದೆ ಮುಂದೆ ಹೋಗಿ.” ಬಾವುಟ ಏರಿದ ಮೇಲೆ ಎದುರು ಕಟ್ಟಡದವರೂ ಕೈಮುಗಿದರು.

ಶಿವಶರಣನ ಕಷ್ಟವೇ ಬೇರೆ. ಪಾಪ ಉಪವಾಸವೆಂದು ಮಾಮಿ ಗಳಿಗೆಗೊಮ್ಮೆ ಮಜ್ಜಿಗೆ ಕಳಿಸುತ್ತಿದ್ದರು. ಬಿಸಿಲಿಗೆ ಅವನೂ ಕುಡಿಯುತ್ತಿದ್ದ. ಮಧ್ಯಾಹ್ನ ಜಾರುವ ಹೊತ್ತಿಗೆ ಬ್ಯಾಟರಿಗಿಂತ ಮೊದಲು ಅವನೇ ತುಂಬಿಹೋಗಿದ್ದ. ಬಿಟ್ಟು ಕದಲಬಾರದು. ಕದಲದೆ ವಿಧಿಯಿಲ್ಲ. ಟ್ಯೂಷನ್ನಿಗೆ ಹೋಗಿದ್ದ ಮಗಳು ಅನ್ವಿತಾಗೆ ಫೋನ್ ಮಾಡಿದ. “ಕ್ಲಾಸ್‌ಲ ಇರುಕ್ಕೇನ್‌ಪಾ,” ಎಂದು ಅವಳು ಇಟ್ಟುಬಿಟ್ಟಳು.

“ನಾನು ಕೂತ್ಕೋತೀನಿ ಹೋಗಪ್ಪಾ,” ಎಂದರು ಮಾಮಿ ಅವನ ಮುಖ ನೋಡಿ. “ಬೆಳಗ್ಗಿಂದ ನಾನೂ ಮಡಿಯಲ್ಲೇ ಇದ್ದೀನಿ. ನಿನ್ನ ನೇಮ ಎಲ್ಲಾ ಬಾಯಿಪಾಠ ಆಗಿದೆ.”

ನಿಜವಾಗಿಯೂ ಆಗಿತ್ತು. ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಅವರಷ್ಟು ನಂಬಿಗಸ್ತ ಕಾವಲು ಇಡೀ ಚೆನ್ನೈಯಲ್ಲಿ ಸಿಗದೆಂದು ಶಿವಶರಣ ಮೆಟ್ಟಿಲಿಗೆ ಓಡಿದ.

ಇಳಿಯುವಾಗ ಅಡ್ಡಿಯಿರಲಿಲ್ಲ. ಹತ್ತುವಾಗ ಮೆಟ್ಟಿಲು ಮೆಟ್ಟಿಲಿಗೂ ಒಬ್ಬೊಬ್ಬರು ಕಾದಿದ್ದರು. ಒಬ್ಬರ ಕೈಯಲ್ಲಿ ಚಾರ್ಜ್ ನಿಲ್ಲದ ಫೋನು, ಇನ್ನೊಬ್ಬರದು ಸ್ಕೂಟರಿನ ಬ್ಯಾಟರಿ, ಒಬ್ಬ ತಾತನ ಕಿವಿಯ ಯಂತ್ರ. “ಸುಮ್ಮನೆ ಒಮ್ಮೆ ಕೈಯಲ್ಲಿ ಹಿಡಿದು ಕೊಡಿ ಸಾರ್, ಸಾಕು.” ಕಡೆಗೆ ಹರಿದಾಸರು ಸಿಕ್ಕಿ, ಅಪಾರ್ಟ್‌ಮೆಂಟಿನ ಇನ್ವರ್ಟರಿನ ಮುಂದೆ ಅವನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು. ಬಿಡಿಸಿಕೊಂಡು ತಾರಸಿ ಸೇರಿದಾಗ ನಾಲ್ಕೂವರೆಗೆ ಇನ್ನೇನು ಸ್ವಲ್ಪವೇ ಇತ್ತು.

ಮಡಕೆ ಖಾಲಿ. ಅದರ ಮುಂದೆ ಕರ್ಪೂರದ ಕಪ್ಪು. ಮಾಮಿಯ ಮುಖದಲ್ಲಿ ದೊಡ್ಡದೊಂದು ಕಾರ್ಯ ನಿರ್ವಿಘ್ನವಾಗಿ ಮುಗಿಸಿದ ಕಳೆ.

“ಎಲ್ಲೈತ್ರಿ ಮಾಮಿ?”

“ಬಕೆಟ್ಟಿನಲ್ಲಿ. ಕೀ ಕೀ ಅಂತು, ದೀಪ ಹಸಿರಾಯ್ತು, ತುಂಬಿತು. ನೀನು ಬರಲೇ ಇಲ್ಲ. ತುಂಬಿದ್ದನ್ನ ಇಟ್ಕೊಂಡು ಕೂಡಬಾರದು ಅಂತ ನೀನೇ ಹೇಳಿದೆ. ನಾಲ್ಕೂವರೆಗೆ ಭಾನುವಾರದ ರಾಹುಕಾಲ ಬೇರೆ. ಅಷ್ಟರೊಳಗೆ ವಿಸರ್ಜನೆ ಆಗಬೇಡವಾ? ಆರತಿ ಮಾಡಿ, ಉಪ್ಪುನೀರಿಗೆ ಬಿಟ್ಟೆ. ನಾನು ಮುಟ್ಟಲಿಲ್ಲಪ್ಪಾ. ಮರದ ಸೌಟಿನಲ್ಲೇ ಎತ್ತಿದೆ.”

ಬಕೆಟ್ಟಿನಿಂದ ಗುಳುಗುಳು ಸದ್ದು ಬರುತ್ತಿತ್ತು. ಬೆಳ್ಳಿ ಪೊಟ್ಟಣ ತಳದಲ್ಲಿ ಮಲಗಿ, ಗಾಳಿವೇಗವನ್ನೆಲ್ಲ ಗುಳ್ಳೆ ಗುಳ್ಳೆಯಾಗಿ ಬಿಡುತ್ತಿತ್ತು. ಸುತ್ತ ನಿಂತವರು ಆ ನೊರೆಯನ್ನು ನೋಡಿ ಪುಳಕಗೊಂಡರು. ಶಿವಶರಣ ಬೈಯಲು ಬಾಯಿ ತೆರೆದ. ಮಾಮಿ ಅದರೊಳಗೆ ಪ್ರಸಾದದ ಬಾಳೆಹಣ್ಣಿಟ್ಟರು.

ಇನ್ನುಳಿದದ್ದು ಹಳೇ ಎಮ್ಮೆ ಬ್ಯಾಟರಿ. ಅದನ್ನೇ ನಂದಿಯ ಹೊಟ್ಟೆಗೆ ಕಟ್ಟಿ, ಮನಸ್ಸಿನಲ್ಲೇ ಇನ್ನೊಂದು ತಿಂಗಳ ಜಾಕೆಟ್ಟು ತೊಟ್ಟು, ಆಟೋ ಹತ್ತಿದ. ಮಹಿಮೆಯ ಮುಂದಿನ ಭಾಗ ನೋಡಲು ಹರಿದಾಸ ದಂಪತಿ ಅವನ ಎರಡೂ ಪಕ್ಕ ಏರಿ ಕೂತರು.

ಮೈದಾನದಲ್ಲಿ ವೀರೇಶ್ ಹಲ್ಲು ಬಿಟ್ಟ. “ಮೂರು ಸೆಲ್ ತಗಂಡ್ರಂತೆ ಸರ. ನಾವೆಲ್ಲ ಹೆದರಿ ನಾಲ್ಕಕ್ಕೆ ಹೋದ್ವಿ. ಇವತ್ತು ನೋಡ್ರಿ.”

ತಿಂಗಳ ಪಂದ್ಯದಲ್ಲಿ ಬಿದ್ದ ಕಾರನ್ನು ಎತ್ತುವವರಿಲ್ಲ, ಬಿದ್ದವನು ಬಿದ್ದ. ಸೀಟಿ ಊದಿದ್ದೇ ತಡ, ಸಾಲಿನಲ್ಲಿದ್ದ ಕಾರುಗಳೆಲ್ಲ ಮಾಯವಾದವು. ಒಬ್ಬ ಬಡಪಾಯಿಗೆ ಹೆದರಿ ಎಲ್ಲರೂ ಕಟ್ಟಿಕೊಂಡು ಬಂದಿದ್ದ ಮಿಂಚು ಅದು. ಶಿವಶರಣ ತನ್ನ ರಿಮೋಟನ್ನೂ ಮರೆತು ನೋಡಿದ. ಎಂಥ ಓಟ. ಕಣ್ಣಿಗೆ ಸಿಗುವ ಮೊದಲೇ ಕಾರುಗಳು ತಿರುವಿಗೆ ಸಿಕ್ಕವು. ಮೊದಲ ತಿರುವಿನಲ್ಲಿ ಮೂರು ಒಂದರ ಮೇಲೊಂದು ಹತ್ತಿ ಕೂತವು. ಒಂದು ಬೇಲಿ ಹಾರಿ ಸಮುದ್ರ ನೋಡಲು ಹೋಯಿತು. ಮುಂದೆ ಉಳಿದದ್ದು ವೀರೇಶನದೊಂದೇ. ಅದು ಕೊನೆಯ ಸುತ್ತಿನ ದಿಬ್ಬದಿಂದ ಕಾಗೆಯಂತೆ ಮೇಲೆದ್ದು, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು, ಗೆಲ್ಲುವ ಗೆರೆಗೆ ಒಂದು ಮಾರು ಈಚೆಗೆ ಬೆನ್ನ ಮೇಲೆ ಮಲಗಿತು.

ಆಮೇಲೆ ಮೈದಾನದಲ್ಲಿ ಚಲಿಸುತ್ತಿದ್ದದ್ದು ನಂದಿಯೊಂದೇ. ಸಂತೆಯಿಂದ ಮರಳುವ ಎತ್ತಿನ ಹಾಗೆ ಉಳಿದ ಸುತ್ತುಗಳನ್ನೆಲ್ಲ ಮುಗಿಸಿಕೊಂಡು ಅದು ಬಂತು. ದಿಬ್ಬ ಹತ್ತಿತು. ಹತ್ತಿ, ತುದಿಯಲ್ಲಿ, ಎಂದಿನಂತೆ ನಂದಿತು.

ಮಾಮಿ ಕಣ್ಣು ಮುಚ್ಚಿದರು. ನಂದಿ ಮೂಗನ್ನು ಇಳಿಜಾರಿಗೆ ಬಗ್ಗಿಸಿತು. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಉರುಳಿತು. ಅಂಗಾತ ಬಿದ್ದ ವೀರೇಶನ ಕಾರನ್ನು ಸವರಿಕೊಂಡು, ಗೆರೆ ದಾಟಿ, ನಿಂತಿತು.

ಶಿವಶರಣನ ಬೆನ್ನು ಎಷ್ಟೋ ದಿನಗಳ ಮೇಲೆ ಮೊದಲ ಸಲ ನೆಟ್ಟಗಾಯಿತು. ಎದೆಯುಬ್ಬಿತು. ಕಣ್ಣಲ್ಲಿ ನೀರೂ ಬಂತು. ವೀರೇಶ್ ಎದುರಿಗೆ ಬಂದು ಕೈ ಕುಲುಕಿದ. ಅವನ ಇನ್ನೊಂದು ಕೈಯಲ್ಲಿ ಮಡಚಿದ ಕಿತ್ತಳೆ ಜಾಕೆಟ್ಟಿತ್ತು.

“ಯಾರು ಕಡೀಗೆ ಬಂದ್ರು? ಯಾರಿಗೆ ಇದು?” ಎಂದು ಶಿವಶರಣ ಉದಾರವಾಗಿ ಕೇಳಿದ.

“ನಿಮಗೇ ಸರ. ಹೋದ ವಾರ ಮೀಟಿಂಗ್ ಆತು. ನೀವು ಬರಲಿಲ್ಲ, ಬ್ಯಾಟರಿ ಬಗ್ಗೆ ಓದಾಕೆ ಕೂತಿದ್ರಿ. ನಿಮ್ಮ ಮಾತಿಟ್ಟೆ. ಎಲ್ಲರೂ ಕೈ ಎತ್ತಿದ್ರು. ಇನ್ಮ್ಯಾಲೆ ಗೆದ್ದೋರೇ ನಿಲ್ಲಬೇಕು.”

“ಮತ್ತ ಸೋತವರು?”

“ಆರಾಮ ಓಡಸ್ತೀವಿ ಸರ.” ಹೀಗೆಂದು ವೀರೇಶ್ ಹಿಂದಿನಿಂದ ಬಂದು, ಜಾಕೆಟ್ಟನ್ನು ಭಕ್ತಿಯಿಂದ ತೊಡಿಸಿದ.

ದೂರದಿಂದ ನೋಡುತ್ತಿದ್ದ ಮಾಮಿ ಗಂಡನ ಮೊಣಕೈ ತಿವಿದರು. “ರೀ, ನೋಡಿದ್ರಾ, ಕಾವಿ ಹೊದಿಸ್ತಾ ಇದ್ದಾರೆ. ನಾನು ಬೆಳಗ್ಗೇನೇ ಹೇಳಲಿಲ್ಲವಾ?” ಹರಿದಾಸರು ಚಪ್ಪಲಿ ಬಿಟ್ಟರು. ಇಬ್ಬರೂ ಕೈಮುಗಿದರು.

ಶಿವಶರಣ ಅವರ ಕಡೆ ಒಮ್ಮೆ ನೋಡಿದ. ಆಮೇಲೆ ನಡುವಿಗೆ ಒಂದು ಕೈ ಕೊಟ್ಟು, ಬಗ್ಗಿ, ಚಕ್ರ ಮೇಲೆ ಮಾಡಿಕೊಂಡು ಇನ್ನೂ ಅಂಗಾತ ಬಿದ್ದಿದ್ದ ವೀರೇಶನ ಕಾರನ್ನು ನೆಟ್ಟಗೆ ಮಾಡಿಟ್ಟ.