ಸ್ವೆಟರ್ ನೋಡಿ ಆರಿಸಿದ ಸೋಯಾ

ಬೆಳಗ್ಗೆ ಆರೂ ಇಪ್ಪತ್ತಕ್ಕೆ ನಮ್ಮ ಮಾವ ಎಮ್ಮೆಗಳ ಹಗ್ಗ ಬಿಚ್ಚಿ ನನ್ನ ಸೋಯಾ ಹೊಲದ ಕಡೆ ತಿರುಗಿಸಿದರು. ಇವತ್ತಿಗೂ ಎಮ್ಮೆ ಎದುರಾದರೆ ನಾನು ರಸ್ತೆಯ ಆ ಬದಿಗೆ ದಾಟುತ್ತೇನೆ. ಬಿ.ಎಸ್ಸಿ. ಓದಿದವಳಿಗೆ ಇದು ಶೋಭೆಯಲ್ಲ, ನಿಜ. ಆದರೆ ಅವು ಮೇಯಲು ಹೊರಟಿದ್ದು ನನ್ನ ಬಿ.ಎಸ್ಸಿ.ಯನ್ನೇ.

ನಾನು ಹೊಳೆನರಸೀಪುರದಿಂದ ಹಿರೀಸಾವೆಗೆ ಸೊಸೆಯಾಗಿ ಬಂದವಳು. ಹಾಸನದಲ್ಲಿ ಬೀಜಗಳ ಪ್ರಯೋಗ ಮಾಡುವ ಗೆಳತಿಯೊಬ್ಬಳು ಎರಡು ಬಗೆಯ ಸೋಯಾ ಬೀಜ ಮುಂದಿಟ್ಟು, "ಇದು ನಮ್ಮ ಸೀಮೆಗೆ ಒಗ್ಗಿದ್ದು, ಅದು ದೂರದ ಉತ್ತರದ ಚಳಿನಾಡಿನ ತಳಿ. ಯಾವುದು ಬೇಕೋ ತಗೊಳ್ಳೇ" ಎಂದಳು. ನನಗೆ ತಕ್ಷಣ ಅತ್ತೆ ನೆನಪಾದರು. ಆಷಾಢದ ಗಾಳಿಗೆ ಸ್ವೆಟರ್ ತೊಟ್ಟರೆ ಅವರು ಬಿಚ್ಚುವುದು ಯುಗಾದಿಗೆ. ನಮ್ಮ ಮದುವೆಯ ಫೋಟೋಗಳಲ್ಲೂ ರೇಷ್ಮೆ ಸೀರೆಯ ಮೇಲೆ ಅದೇ ಕಂದು ಸ್ವೆಟರ್ ಇದೆ. ಇದು ಚಳಿನಾಡಲ್ಲದೆ ಮತ್ತೇನು? ಚಳಿಯ ತಳಿಯನ್ನೇ ತಂದೆ, ಕಾರಣವನ್ನೂ ಮಾವನಿಗೆ ಹೇಳಿದೆ. ಮಾವ ಹೆದ್ದಾರಿ ಪಕ್ಕದ ತುಂಡು ಹೊಲ ಬಿಟ್ಟುಕೊಟ್ಟು, "ಇದ್ರಲ್ಲಿ ಗೆದ್ರೆ ದೊಡ್ಡೊಲದ ಬಿತ್ನೆ ಬೀಜ ನೀನೇ ಆರ್ಸವ್ವ. ಸೋತ್ರೆ ಇನ್ಮೇಲೆ ಒಲದ ಇಚಾರ ಎತ್ಕೂಡ್ದು" ಎಂದರು.

ಗಿಡಗಳು ಪಾದ ಮುಚ್ಚುವಷ್ಟು ಬೆಳೆದು, ಅಲ್ಲೇ ಹೂಬಿಟ್ಟು ಕೂತವು. "ಏನವ್ವಾ, ಇದು ಸೋಯಾನೋ, ಕೊತ್ತಂಬ್ರಿ ಸೊಪ್ಪೋ? ಎಮ್ಮೆನಾದ್ರೂ ತಿನ್ಲಿ ಬುಡು" ಎಂದ ಮಾವ ಹಗ್ಗ ಬಿಚ್ಚಿದ್ದು ಆಗಲೇ. ನಾನು ಕಾಫಿ ಲೋಟದ ಸಮೇತ ಓಡಿದೆ. ಎಮ್ಮೆಗಳು ಮೇಯುತ್ತ ರಸ್ತೆಯ ಅಂಚಿಗೆ ಬಂದಾಗ ಮಾವನೇ ಹಗ್ಗ ಜಗ್ಗಿ ನಿಲ್ಲಿಸಿದರು. ಪಕ್ಕದ ಹೋಟೆಲಿನ ದೊಡ್ಡ ಲೈಟಿನ ಕೆಳಗೆ ಅದೇ ಸೋಯಾದ ಒಂದು ಸಾಲು ಸೊಂಟದೆತ್ತರ ನಿಂತಿತ್ತು. ಒಂದೇ ಒಂದು ಹೂವಿರಲಿಲ್ಲ.

ಗೆಳತಿ ಫೋನಿನಲ್ಲಿ ಮನಸಾರೆ ನಕ್ಕಳು. "ಅದು ಚಳಿ ನೋಡಲ್ಲ ಕಣೇ, ಕತ್ತಲೆ ಅಳೆಯುತ್ತೆ. ಅಲ್ಲಿ ಬೇಸಿಗೆಯ ರಾತ್ರಿ ತುಂಬ ಚಿಕ್ಕದು. ಇಲ್ಲಿನ ಉದ್ದ ರಾತ್ರಿ ಕಂಡು ಕಾಲ ಮುಗೀತು ಅಂತ ಹೆದರಿ, ಬೆಳೆಯೋ ಮೊದಲೇ ಹೂಬಿಟ್ಟಿದೆ. ಲೈಟಿನ ಕೆಳಗಿನವಕ್ಕೆ ರಾತ್ರಿಯೇ ಆಗಿಲ್ಲ, ಬೆಳೀತಾನೇ ಇವೆ. ಕತ್ತಲೆ ಸಿಕ್ಕಿದ್ರೆ ಅವೂ ಹೂಬಿಡ್ತವೆ."

ಮಾವ ಹೋಟೆಲಿಗೆ ಹೋಗಿ ಲೈಟ್ ಆರಿಸಲು ಕೇಳಿದರು. "ನಿಮ್ ಗಿಡ ಮಲೀಕಳ್ಳಿ ಅಂತ ನಾನ್ ಅಂಗ್ಡಿ ಮುಚ್ಲಾ ಗೌಡ್ರೇ?" ಎಂದ ಹೋಟೆಲಿನವನು. ಮಾವ ವಾಪಸ್ ಬಂದು, ಬೊಂಬು ನೆಟ್ಟು, ಹಳೇ ಟಾರ್ಪಾಲು ಕಟ್ಟಿ ಬೆಳಕಿಗೆ ಅಡ್ಡ ಮಾಡಿದರು. ಆಮೇಲೆ ಸಂಜೆಸಂಜೆಗೂ, "ಸದ್ದು ಮಾಡ್ಬ್ಯಾಡ್ರಲಾ, ನಮ್ ಸೊಸೆ ಸೋಯಾ ಮಲಗೈತೆ" ಎಂದು ದಾರಿಹೋಕರನ್ನು ಗದರುವುದು ಅವರ ಹೊಸ ಆಟವಾಯಿತು. ನಾನು ಮಾತ್ರ ಕಣ್ಣು ಮುಚ್ಚಿದರೆ ಸಾಕು, ಎಮ್ಮೆಯ ಬಾಯಿ ಕಂಡು ಎದ್ದು ಕೂರುತ್ತಿದ್ದೆ.

ಕೊನೆಗೂ ಆ ಸಾಲು ಮೊಗ್ಗು ಬಿಟ್ಟಿತು. ಮಾವ ಬಗ್ಗಿ ನೋಡಿ, "ದೊಡ್ಡೊಲದ ಬೀಜ ನೀನೇ ಆರ್ಸವ್ವ. ಆದ್ರೆ ನಿಮ್ಮತ್ತೆ ಸ್ವೆಟ್ರು ನೋಡ್ಬ್ಯಾಡ" ಎಂದರು. ಆ ರಾತ್ರಿ ನಾನು ಬೆಳಗಿನ ತನಕ ಎಚ್ಚರವಾಗದೆ ನಿದ್ದೆ ಮಾಡಿದೆ. ಚಳಿಯಿತ್ತು, ಅತ್ತೆಯ ಸ್ವೆಟರನ್ನೇ ಹಾಕಿಕೊಂಡಿದ್ದೆ.